ಸಂಗು ನಿಂತ ಊರಿನಲ್ಲಿ

ಮಂಜಿನಲ್ಲಿ ಸಿಗ್ನಲ್ಲಿನ ಕೆಂಪು ದೀಪ ಕಾಣುತ್ತದೆ, ಅದನ್ನು ಹೊತ್ತ ಕಂಬ ಕಾಣುವುದಿಲ್ಲ. ಡಿಸೆಂಬರ್ ಕೊನೆಯ ವಾರ, ಧನುರ್ಮಾಸ, ಬೆಳಗಿನ ಏಳೂವರೆ. ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಮೊದಲು ಬರುವುದು ಟೀ ಮಾರುವವನ ಕೂಗು, ಆಮೇಲೆ ಅವನ ಕೆಟಲಿನ ಹಬೆ, ಕೊನೆಗೆ ಅವನು. ಎದುರಿಗೆ ಮಾರಿಕುಪ್ಪಂ ಕಡೆಯಿಂದ ಬಂದ ಗಾಡಿ ಬೆಂಗಳೂರಿಗೆ ಹೊರಟು ನಿಂತಿದೆ. ಬಾಗಿಲಲ್ಲಿ ಜೋತುಬಿದ್ದವರು, ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋದವರು, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡವರು. ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಹೀಗೆ ದಿನಾ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುತ್ತಾರೆ. ಇವರ ಅಪ್ಪಂದಿರು ಬುತ್ತಿ ಹಿಡಿದು ನೆಲದೊಳಕ್ಕೆ ಇಳಿಯುತ್ತಿದ್ದರು. ಇವರು ಅದೇ ಬುತ್ತಿ ಹಿಡಿದು ನೆಲದ ಮೇಲೆ ದೂರ ಹೋಗುತ್ತಾರೆ, ಅಷ್ಟೇ ವ್ಯತ್ಯಾಸ.

ನನ್ನ ಪಕ್ಕದಲ್ಲಿ ಶಾಲು ಹೊದ್ದು ನಿಂತವಳು ನಮ್ಮಕ್ಕನ ಮಗಳು. ಹುಟ್ಟಿ ಬೆಳೆದದ್ದು ಆಸ್ಟ್ರೇಲಿಯದ ಪರ್ತ್‌ನಲ್ಲಿ, ವಯಸ್ಸು ಇಪ್ಪತ್ತೆರಡು. ಸ್ಟೇಷನ್ನಿನ ಹಳದಿ ಬೋರ್ಡನ್ನು ಅಕ್ಷರಕ್ಕೊಂದು ಉಸಿರಿನಂತೆ ಓದುತ್ತಿದ್ದಾಳೆ: ಬಂ, ಗಾ, ರ, ಪೇ, ಟೆ. ಓದಿ ಮುಗಿಸಿ ನನ್ನತ್ತ ತಿರುಗಿ, "ಬಂಗಾರ ಸಿಕ್ತು ಅಂತ ಬಂಗಾರಪೇಟೆನಾ ಮಾಮ?" ಎನ್ನುತ್ತಾಳೆ.

ಅಲ್ಲ ಎಂದು ಹೇಳಲು ಮನಸ್ಸು ಬರುವುದಿಲ್ಲ, ಆದರೂ ಹೇಳುತ್ತೇನೆ. ಇದು ಬೌರಿಂಗ್ ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಪೇಟೆ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಅವನ ಹೆಸರಿನದೇ. ಜನರ ನಾಲಿಗೆ ಆ ಸಾಹೇಬನನ್ನು ಅಗಿದಗಿದು ಬಂಗಾರ ಮಾಡಿತು. ಪಕ್ಕದಲ್ಲೇ ಚಿನ್ನದ ಗಣಿ ಇದ್ದದ್ದರಿಂದ ಯಾರೂ ಆಕ್ಷೇಪ ಎತ್ತಲಿಲ್ಲ. ರೈಲ್ವೆ ಇಲಾಖೆಗೆ ಮಾತ್ರ ಈ ಮಾತು ಇನ್ನೂ ತಲುಪಿದಂತಿಲ್ಲ, ಟಿಕೆಟಿನಲ್ಲಿ ಇಂದಿಗೂ ಈ ಊರಿನ ಸಂಕೇತ ಬಿ.ಡಬ್ಲ್ಯೂ.ಟಿ. ಅವಳು ಜೇಬಿನಿಂದ ಟಿಕೆಟು ತೆಗೆದು ನೋಡಿ ಖುಷಿಪಡುತ್ತಾಳೆ. ಅವಳ ಹೆಸರನ್ನೂ ಪರ್ತ್‌ನ ಶಾಲೆಯಲ್ಲಿ ಹನ್ನೆರಡು ವರ್ಷ ಹೀಗೇ ಅಗಿದಿದ್ದಾರಂತೆ. "ನಂದು ಬಂಗಾರ ಆಗ್ಲಿಲ್ಲ ಮಾಮ, ಬರೀ ಚೂರಾಯ್ತು."

ಈ ಹುಡುಗಿಯ ಕನ್ನಡದ ಬಗ್ಗೆ ಒಂದು ಮಾತು ಹೇಳಬೇಕು. ಅವಳ ತಾತ, ಅಂದರೆ ನಮ್ಮ ಬೀಗರು, ಊರ್ಗಾಂನಲ್ಲಿ ಗಣಿಯ ಟೈಂ ಆಫೀಸಿನ ಗುಮಾಸ್ತರಾಗಿದ್ದವರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಮಗನ ಮನೆ ಸೇರಲು ಪರ್ತ್‌ಗೆ ಹೋದರು. ಅಲ್ಲಿ ಹುಟ್ಟಿದ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತು ಕಲಿಸಿದರು. ಹಾಗಾಗಿ ಅವಳದು ಪುಸ್ತಕದ ಕನ್ನಡವಲ್ಲ, ಬೆಂಗಳೂರಿನ ಟಿವಿಯ ಕನ್ನಡವೂ ಅಲ್ಲ. ಸ್ವಲ್ಪ ಎನ್ನುವುದಕ್ಕೆ 'ಒಸಿ' ಎನ್ನುತ್ತಾಳೆ. ಪರ್ತ್‌ನಲ್ಲಿ ಭಾನುವಾರದ ಕನ್ನಡ ತರಗತಿಗೆ ಸೇರಿಸಿದಾಗ ಅಲ್ಲಿಯ ಟೀಚರು 'ಒಸಿ'ಯನ್ನು ಅಳಿಸಿ 'ಸ್ವಲ್ಪ' ಎಂದು ಬರೆಸಿದರು. ಇನ್ನೊಂದು ದಿನ ಅಗ್ನಿಶಾಮಕದ ಗಾಡಿ ಕೂಗುತ್ತ ಹೋದಾಗ ಇವಳು "ಸಂಗು ಕೂಗ್ತಿದೆ" ಎಂದಳು. ಟೀಚರಿಗೆ ಅರ್ಥವಾಗಲಿಲ್ಲ, ಸಂಗ ಇರಬೇಕು, ಸಂಘ ಇರಬೇಕು ಎಂದೆಲ್ಲ ತಿದ್ದಿದರಂತೆ. ಮನೆಗೆ ಬಂದು ಅತ್ತಿದ್ದಾಳೆ. ತಾತ ಹೇಳಿದರಂತೆ: "ನೀನು ಅಂದಿದ್ದೇ ಸರಿ ಕಣವ್ವ, ನಮ್ಮೂರಿನಾಗೆ ಅದು ಸಂಗೇ."

ಆ ಊರು ಯಾವುದು, ಅಲ್ಲಿ ಸಂಗು ಎಂದರೆ ಯಾರಿಗಾದರೂ ಇನ್ನೂ ತಿಳಿಯುತ್ತದೆಯೇ? ಅವಳು ಬಂದಿರುವುದು ಅದನ್ನು ನೋಡಲು. ಹಂಪಿ, ಮೈಸೂರು ಎಲ್ಲ ಬೇಡ ಎಂದುಬಿಟ್ಟಳು.

ಮಾರಿಕುಪ್ಪಂಗೆ ಹೋಗುವ ನಮ್ಮ ಗಾಡಿ ಹೊರಡುತ್ತದೆ. ಎಲ್ಲರೂ ಆ ಕಡೆಯಿಂದ ಬರುವ ಹೊತ್ತಿನಲ್ಲಿ ನಾವು ಆ ಕಡೆಗೆ ಹೋಗುತ್ತಿರುವುದರಿಂದ ಬೋಗಿ ಖಾಲಿ. ಹದಿನೈದು ಹದಿನಾರು ಕಿಲೋಮೀಟರಿನ ಈ ಕವಲು ಹಾದಿಯನ್ನು ಹಾಕಿದ್ದೇ ಚಿನ್ನಕ್ಕಾಗಿ, 1894ರಲ್ಲಿ. ಮಂಜು ಹರಿದಂತೆ ಹೊಲಗಳು ಒಂದೊಂದಾಗಿ ಹೊರಬರುತ್ತವೆ. ರಾಗಿ ಕೊಯ್ದ ಕೂಳೆ, ಬಣವೆ, ನೀಲಗಿರಿ ತೋಪು, ಯಾರೋ ಎತ್ತಿಟ್ಟು ಮರೆತುಹೋದಂತೆ ಒಂದರ ಮೇಲೊಂದು ಕೂತ ಬಂಡೆಗಳು. ಇಬ್ಬರು ಹೆಂಗಸರು ಅವರೆಕಾಯಿಯ ಮೂಟೆ ಇಟ್ಟುಕೊಂಡು ಕೂತಿದ್ದಾರೆ. ಬೋಗಿಯ ತುಂಬ ಸೊನೆಯ ಘಮ. ಒಬ್ಬಾಕೆ ಮಾತು ಶುರುಮಾಡುವುದು ತೆಲುಗಿನಲ್ಲಿ, ಇನ್ನೊಬ್ಬಾಕೆ ಉತ್ತರಿಸುವುದು ತಮಿಳಿನಲ್ಲಿ, ನಮ್ಮ ಕಡೆ ತಿರುಗಿದಾಗ ಇಬ್ಬರೂ ಕನ್ನಡ. ಅಕ್ಕನ ಮಗಳು ಬೆರಗಾಗಿ ಇಬ್ಬರ ಬಾಯಿಯನ್ನೂ ನೋಡುತ್ತಾಳೆ. ಅವಳ ತಾತನ ಮನೆಯಲ್ಲೂ ಹೀಗೇ: ಅಡುಗೆಮನೆಯಲ್ಲಿ ಕನ್ನಡ, ಗಣಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ದೊರೆಯ ಮುಂದೆ ಇಂಗ್ಲಿಷು. ಯಾವುದನ್ನು ಎಲ್ಲಿ ಬಿಚ್ಚಬೇಕು, ಎಲ್ಲಿ ಮಡಚಿಡಬೇಕು ಎಂಬುದು ಇಲ್ಲಿ ಚಪ್ಪಲಿ ಬಿಡುವಷ್ಟೇ ಸಹಜ.

ಬೆಮೆಲ್ ನಗರ, ಕೋರಮಂಡಲ್ ದಾಟುತ್ತಿದ್ದ ಹಾಗೆ ಕಿಟಕಿಯಲ್ಲಿ ಒಂದು ಗುಡ್ಡ ಎದ್ದು ನಿಲ್ಲುತ್ತದೆ. ಬೂದಿಯೂ ಅಲ್ಲ, ಮರಳೂ ಅಲ್ಲ, ಹಳೆಯ ದಂತದ ಬಣ್ಣ. ನೆತ್ತಿ ಚಪ್ಪಟೆ, ಮೈತುಂಬ ಮಳೆ ಗೀರಿದ ಉದ್ದುದ್ದ ಗೀಟು. ದೇವರು ಮಾಡಿದ್ದಲ್ಲ ಎಂದು ನೋಡಿದೊಡನೆ ತಿಳಿಯುವ ಗುಡ್ಡ. ಅದರ ಕಡೆಗೆ ಸಂಜೆ ಹೋಗೋಣ ಎಂದು ಊರ್ಗಾಂನಲ್ಲಿ ಇಳಿಯುತ್ತೇವೆ.

ಇಳಿದರೆ ಯಾವ ದೇಶಕ್ಕೆ ಬಂದೆವೋ ತಿಳಿಯದು. ಏರುತಗ್ಗಿನ ರಸ್ತೆ, ಎರಡೂ ಬದಿ ಹಳೆಯ ಮರಗಳು, ಕಾಂಪೌಂಡಿನ ಒಳಗೆ ಕೆಂಪು ಹೆಂಚಿನ ಬಂಗಲೆಗಳು, ಕಿಟಕಿಗಳ ಮೇಲೆ ಮರದ ಮಂಕಿ ಟಾಪು. ಕೆಲವು ಬಂಗಲೆಗಳ ಸೂರಿನಿಂದ ಆಲದ ಸಸಿ ಹೊರಟಿದೆ, ಕೆಲವಕ್ಕೆ ಹೊಸದಾಗಿ ಗಿಣಿಹಸಿರು ಬಣ್ಣ ಬಳಿದಿದ್ದಾರೆ. ಗಾಳಿಯಲ್ಲಿ ಚಳಿ. ಸಮುದ್ರ ಮಟ್ಟದಿಂದ ಎರಡು ಸಾವಿರದ ಏಳೆಂಟು ನೂರು ಅಡಿ ಎತ್ತರದ ಈ ಬಯಲನ್ನು ಕಂಡು ಇಂಗ್ಲೆಂಡಿನವರು 'ಪುಟ್ಟ ಇಂಗ್ಲೆಂಡ್' ಎಂದು ಕರೆದರು. ಇಲ್ಲಿ ಚಿನ್ನವಿದೆ ಎಂದು ಹಳ್ಳಿಯವರು ಮಣ್ಣು ತೊಳೆದು ತೋರಿಸಿದ್ದನ್ನು ಜಾನ್ ವಾರನ್ ಎಂಬ ಸರ್ವೆ ಅಧಿಕಾರಿ 1802ರ ಹೊತ್ತಿನಲ್ಲೇ ನೋಡಿದ್ದ. 1870ರ ದಶಕದಲ್ಲಿ ಮೈಕೆಲ್ ಲಾವೆಲ್ ಎಂಬ ನಿವೃತ್ತ ಸೈನಿಕ ಪರವಾನಗಿ ಪಡೆದು ಅಗೆದ, ಕೈಸುಟ್ಟುಕೊಂಡ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಅದರೊಂದಿಗೆ ಬಂದವರು ಕಾರ್ನ್‌ವಾಲಿನ ಗಣಿಗಾರರು.

ಕಾರ್ನ್‌ವಾಲ್ ಎಂದರೆ ಇಂಗ್ಲೆಂಡಿನ ನೈಋತ್ಯದ ಮೂಲೆ. ಅಲ್ಲಿಯ ತಾಮ್ರ, ತವರದ ಗಣಿಗಳು ಸೊರಗಿದಾಗ ಮನೆಮನೆಯ ಗಂಡಸರು ಭೂಮಿಯ ಮೇಲೆ ಎಲ್ಲಿ ಗುಂಡಿ ತೋಡಿದರೂ ಅಲ್ಲಿಗೆ ಹೊರಟರು. ಒಬ್ಬ ಕೋಲಾರಕ್ಕೆ ಬಂದರೆ ಅವನ ಸೋದರಸಂಬಂಧಿ ಪಶ್ಚಿಮ ಆಸ್ಟ್ರೇಲಿಯದ ಕಲ್ಗೂರ್ಲಿಗೆ ಹೋದ. ಈ ಹೆಸರು ಕಿವಿಗೆ ಬಿದ್ದದ್ದೇ ಅಕ್ಕನ ಮಗಳು ನಿಂತುಬಿಡುತ್ತಾಳೆ. ಅವಳಪ್ಪ ಕೆಲಸ ಮಾಡುವುದೇ ಕಲ್ಗೂರ್ಲಿಯಲ್ಲಿ! ಪರ್ತ್‌ನಿಂದ ಆರುನೂರು ಕಿಲೋಮೀಟರ್ ಒಳನಾಡು, 1893ರಲ್ಲಿ ಚಿನ್ನ ಸಿಕ್ಕ ಊರು, ಈಗ ಅಲ್ಲಿ ಮೂರೂವರೆ ಕಿಲೋಮೀಟರ್ ಉದ್ದದ ತೆರೆದ ಗುಂಡಿ. ನೀರಿಲ್ಲದ ಆ ಊರಿಗೆ 1903ರಲ್ಲಿ ಐನೂರು ಕಿಲೋಮೀಟರಿಗೂ ಮೀರಿ ಕೊಳವೆ ಎಳೆದು ನೀರು ಕೊಟ್ಟರು. ಅದಕ್ಕೆ ಒಂದು ವರ್ಷ ಮುಂಚೆ, 1902ರ ಜೂನ್ 30ರಂದು, ಕಾವೇರಿಯ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ಕೊಟ್ಟಿದ್ದರು. ಬೆಂಗಳೂರಿನ ಬೀದಿಗೆ ಆಗಿನ್ನೂ ದೀಪವಿರಲಿಲ್ಲ. ಚಿನ್ನದ ಆಸೆಗೆ ಎಷ್ಟು ಉದ್ದದ ಕೈ! ತನ್ನಪ್ಪ ಗಣಿಗೆ ಹೋದದ್ದು ಆಸ್ಟ್ರೇಲಿಯದಲ್ಲಿ ಸಂಬಳ ಚೆನ್ನಾಗಿದೆಯೆಂದು ಎಂದುಕೊಂಡಿದ್ದಳಂತೆ. ಈಗ ಊರ್ಗಾಂನ ರಸ್ತೆಯಲ್ಲಿ ನಿಂತು, "ಅಪ್ಪ ಊರು ಬಿಟ್ಟೇ ಇಲ್ಲ ಮಾಮ" ಎನ್ನುತ್ತಾಳೆ.

ಒಂದು ಮನೆಯ ಮುಂಬಾಗಿಲಲ್ಲಿ ಕಾಗದದ ನಕ್ಷತ್ರ ತೂಗುತ್ತಿದೆ. ಕ್ರಿಸ್‌ಮಸ್ ಮುಗಿದು ಎರಡು ದಿನವಾದರೂ ಇಳಿಸಿಲ್ಲ. ಬೀಗರು ಫೋನಿನಲ್ಲಿ ದಾರಿ ಹೇಳಿ ಕಳಿಸಿದ ಮನೆ ಇದೇ. ಬಾಗಿಲು ತೆಗೆದ ಹಿರಿಯಾಕೆ ಹೂಹೂವಿನ ಗೌನು ತೊಟ್ಟ ಆಂಗ್ಲೋ ಇಂಡಿಯನ್ ಆಂಟಿ. "ಕಮ್ ಕಮ್, ಒಳಗೆ ಬನ್ನಿ ಮ್ಯಾನ್, ಚಳಿ ಹೊಡೀತಿದೆ," ಎಂದು ಎಳೆದುಕೊಂಡೇ ಹೋಗುತ್ತಾರೆ. ಅಡುಗೆಮನೆಯಲ್ಲಿ ಎಣ್ಣೆ ಕಾದ ವಾಸನೆ, ತೆಂಗಿನಹಾಲಿನ ಸಿಹಿ. ಎರಡನೆಯ ಸುತ್ತಿನ ಕುಲ್‌ಕುಲ್ ನಡೆದಿದೆ, ಮೆಲ್ಬರ್ನ್‌ಗೆ ಹೋಗುವ ಪಾರ್ಸಲಿಗೆ.

ಕುಲ್‌ಕುಲ್ ಮಾಡುವುದನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮೈದಾಗೆ ಮೊಟ್ಟೆ, ತೆಂಗಿನಹಾಲು ಹಾಕಿ ಕಲಸಿದ ಹಿಟ್ಟಿನಿಂದ ಗೋಲಿಯಷ್ಟು ಚಿವುಟಬೇಕು. ಫೋರ್ಕನ್ನು ಬೋರಲು ಹಿಡಿದು ಅದರ ಬೆನ್ನ ಮೇಲೆ ಗೋಲಿಯಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಒತ್ತಿದ್ದನ್ನು ಅದೇ ಬೆರಳಿನಿಂದ ಮೇಲಿಂದ ಕೆಳಕ್ಕೆ ಸುರುಳಿ ಸುತ್ತಿದರೆ ಗೆರೆಗೆರೆಯ ಪುಟ್ಟ ಚಿಪ್ಪೊಂದು ಉರುಳಿ ತಟ್ಟೆಗೆ ಬೀಳುತ್ತದೆ. ಆಂಟಿಯ ಬೆರಳಿಗೆ ಇದಕ್ಕೆಲ್ಲ ಒಂದು ಕ್ಷಣ ಸಾಕು. ಮಾತನಾಡುತ್ತಲೇ ಇರುತ್ತಾರೆ, ಚಿಪ್ಪು ಬೀಳುತ್ತಲೇ ಇರುತ್ತದೆ. ಅಕ್ಕನ ಮಗಳು ಮಾಡಿದ ಮೊದಲ ನಾಲ್ಕು ಬಸವನಹುಳುವಿನಂತೆ ಮಲಗಿಬಿಟ್ಟವು. ಐದನೆಯದು ಕೂತಿತು. ಅದನ್ನು ಅಂಗೈಯಲ್ಲಿಟ್ಟು ನೋಡಿ ಅವಳು ತಟ್ಟನೆ, "ಮಾಮ, ಇದು ಸಂಗು!" ಎಂದಳು. ಹೌದು, ಶಂಖವೇ.

ಆಂಟಿ ಒತ್ತುವುದನ್ನು ನಿಲ್ಲಿಸಿದರು. "ಸಂಗು? ಯಾರು ಹೇಳಿಕೊಟ್ಟಿದ್ದು ನಿನಗೆ ಆ ಮಾತು?"

ಶಂಖಕ್ಕೆ ತಮಿಳಿನಲ್ಲಿ ಸಂಗು. ಗಣಿಯ ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೈರನ್ನಿಗೂ ಈ ಊರಿನಲ್ಲಿ ಅದೇ ಹೆಸರು. ತಮಿಳರ ಬಾಯಿಂದ ಕನ್ನಡದವರ ಬಾಯಿಗೆ, ತೆಲುಗರ ಬಾಯಿಗೆ, ಕೊನೆಗೆ ಬಂಗಲೆಯವರ ಬಾಯಿಗೂ ಹಬ್ಬಿತು. ಆಂಟಿಯ ತಾಯಿ ಕೇಕನ್ನು ಒಲೆಗಿಡುತ್ತಿದ್ದದ್ದು, ಇಳಿಸುತ್ತಿದ್ದದ್ದು ಗಡಿಯಾರ ನೋಡಿಯಲ್ಲವಂತೆ. ಸಂಗಿಗೆ ಇಡು, ಸಂಗಿಗೆ ಇಳಿಸು.

ಆ ಮನೆಯ ಗೋಡೆಯ ಮೇಲೆ ಎರಡು ಫೋಟೊ. ಒಂದರಲ್ಲಿ ಟೋಪಿ ಹಾಕಿದ ಮೀಸೆಯ ಅಜ್ಜ, ಇನ್ನೊಂದರಲ್ಲಿ ಸಮುದ್ರದಂಡೆಯಲ್ಲಿ ಚಡ್ಡಿ ತೊಟ್ಟು ಹಲ್ಲು ಕಿರಿಯುವ ಮೊಮ್ಮಕ್ಕಳು. ಆಂಟಿಯ ಹಿರಿಯರು ಇಂಗ್ಲೆಂಡನ್ನು 'ಹೋಮ್' ಎನ್ನುತ್ತಿದ್ದರು. ಅವರಲ್ಲಿ ಹೆಚ್ಚಿನವರು ಒಮ್ಮೆಯೂ ಅಲ್ಲಿಗೆ ಹೋದವರಲ್ಲ. 1947ರ ನಂತರ ಅನೇಕರು ಹಡಗು ಹತ್ತಿ ಇಂಗ್ಲೆಂಡು, ಆಸ್ಟ್ರೇಲಿಯ, ಕೆನಡಾ ಸೇರಿದರು. ಅಲ್ಲಿಗೆ ಹೋದ ಮೇಲೆ ಅವರ 'ಹೋಮ್' ಕೆಜಿಎಫ್ ಆಯಿತು! ಅಲ್ಲಿ ಹುಟ್ಟಿದ ಮಕ್ಕಳಿಗೆ ಬಾಲ್ ಕರಿ, ತೆಂಗಿನಹಾಲಿನ ಹಳದಿ ಅನ್ನ, ಪೆಪ್ಪರ್ ವಾಟರ್ ಬಡಿಸುತ್ತ ಊರ್ಗಾಂನ ಚಳಿಯ ಕತೆ ಹೇಳಿದರು. ಪೆಪ್ಪರ್ ವಾಟರ್ ಎಂದರೆ ಮತ್ತೇನಲ್ಲ, ನಮ್ಮ ಮೆಣಸಿನ ಸಾರೇ ಕೋಟು ಹಾಕಿಕೊಂಡು ಬಂದದ್ದು. ಈ ಊರಿನಲ್ಲೇ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಆಂಗ್ಲೋ ಇಂಡಿಯನ್ ಅಡುಗೆಯ ಪುಸ್ತಕಗಳನ್ನು ಸಾಲಾಗಿ ಬರೆದಿದ್ದಾರೆ, ಊರಿನ ನೆನಪುಗಳ ಪುಸ್ತಕವನ್ನೂ ತಂದಿದ್ದಾರೆ. ಆಂಟಿ ಅಂಥ ಯಾವ ಪುಸ್ತಕವನ್ನೂ ಅಡುಗೆಮನೆಗೆ ಬಿಟ್ಟುಕೊಂಡವರಲ್ಲ. "ಉಪ್ಪು ಎಷ್ಟು ಅಂದರೆ ಕೈಗೇ ಗೊತ್ತು ಮ್ಯಾನ್. ಮೊಮ್ಮಕ್ಕಳು ವಿಡಿಯೊ ಮಾಡು ಅಂತಾವೆ. ವಿಡಿಯೊದಲ್ಲಿ ಕೈ ಕಾಣುತ್ತೆ, ಉಪ್ಪು ಕಾಣುತ್ತಾ?"

ಹೊರಡುವಾಗ ಒಂದು ಡಬ್ಬಿ ಕುಲ್‌ಕುಲ್ ಕಟ್ಟಿಕೊಟ್ಟರು. ಆಸ್ಟ್ರೇಲಿಯಕ್ಕೆ ಮಣ್ಣು, ಬೀಜ, ಹಸಿಕಾಯಿ ಒಯ್ಯುವಂತಿಲ್ಲ. ಬೀಗರು ಒಮ್ಮೆ ಅವರೆಬೀಜ ಕಟ್ಟಿಕೊಂಡು ಹೋಗಿ ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಸುರಿದು ಬಂದವರು. ಕರಿದ ತಿಂಡಿಯಾದರೆ ಕಾಗದದಲ್ಲಿ ಬರೆದು ತೋರಿಸಿ ದಾಟಿಸಬಹುದು ಎಂದು ಆಂಟಿಗೆ ಬಾಯಿಪಾಠ.

ಮಧ್ಯಾಹ್ನದ ಬಿಸಿಲಿಗೆ ಹಳೆಯ ಸಿಮೆಟ್ರಿಗೆ ಹೊಕ್ಕೆವು. ಲಂಟಾನದ ಪೊದೆ ಸರಿಸಿ ನಡೆಯಬೇಕು. ಶಿಲುಬೆಗಳು ವಾಲಿವೆ, ಅಕ್ಷರಗಳಲ್ಲಿ ಪಾಚಿ ತುಂಬಿದೆ. ಕಾರ್ನ್‌ವಾಲಿನವರ ಮನೆತನದ ಹೆಸರುಗಳು 'ಟ್ರೆ', 'ಪೋಲ್', 'ಪೆನ್' ಎಂದು ಶುರುವಾಗುತ್ತವೆ. ಇಲ್ಲಿ ಕೆಲವು ಕಲ್ಲುಗಳಲ್ಲಿ ಮೊದಲಕ್ಷರ ಉಳಿದು ಮಿಕ್ಕದ್ದು ಹೋಗಿದೆ. ಮೊಣಕಾಲೆತ್ತರದ ಗೋರಿಗಳು ಮಕ್ಕಳವು. ಕೆಜಿಎಫ್‌ನಲ್ಲಿ ಹುಟ್ಟಿ, ಕಾರ್ನ್‌ವಾಲಿನ ಕಡಲನ್ನು ಒಮ್ಮೆಯೂ ಕಾಣದೆ, ಇಲ್ಲೇ ಮಲಗಿದವು. ಅವಕ್ಕೆ ಊರು ಯಾವುದೆಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದವೋ. ಅಕ್ಕನ ಮಗಳು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಚಾಂಪಿಯನ್ ರೀಫ್ಸ್ ಕಡೆಗೆ ಆಟೊ ತಿರುಗುತ್ತಿದ್ದಂತೆ ಬಂಗಲೆಗಳು ಮುಗಿದು ಲೈನುಗಳು ಶುರು. ಉದ್ದಕ್ಕೂ ಒಂದೇ ಗೋಡೆ ಹಂಚಿಕೊಂಡ ಸಾಲುಮನೆಗಳು, ಗಂಡಾಳು ಕೈ ಚಾಚಿದರೆ ಮುಟ್ಟುವ ಸೂರು. ಮೊದಮೊದಲು ಬಿದಿರಿನ ತಟ್ಟಿಯವೇ ಇದ್ದವು. ಬಾಗಿಲ ಮುಂದೆ ರಂಗೋಲಿ, ಅದರ ನಡುವೆ ಸಗಣಿಯುಂಡೆಗೆ ಸಿಕ್ಕಿಸಿದ ಕುಂಬಳದ ಹೂ. ಬಂಗಲೆಗೂ ಲೈನಿಗೂ ನಡುವಿನ ದೂರ ಆಟೊದಲ್ಲಿ ಹತ್ತು ನಿಮಿಷ. ಅಂದು ಅದನ್ನು ದಾಟುವುದು ಸಾಧ್ಯವಿರಲಿಲ್ಲ. ಈ ಮನೆಗಳಿಗೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ದಲಿತರು. ಊರಿನಲ್ಲಿ ಗೌಡನ ಹೊಲದ ಜೀತಕ್ಕಿಂತ ನೆಲದೊಳಗಿನ ಕತ್ತಲು ವಾಸಿ ಎಂದು ಬಂದವರು. ಅವರ ಮಕ್ಕಳು ಹುಟ್ಟಿದ್ದು ಮೈಸೂರು ಸೀಮೆಯಲ್ಲಿ, ಮನೆಮಾತು ತಮಿಳು, ಹಿರಿಯರ ಹಳ್ಳಿಯಿಂದ ನೆನಪಿಗೆ ಬರುವುದು ಬಹುಪಾಲು ಅವಮಾನ. ಅಂಥವರು ಯಾವ ಪರಂಪರೆಯನ್ನು ಉಳಿಸಿಕೊಳ್ಳಬೇಕು?

ಅವರು ಹುಡುಕಿಕೊಂಡರು. ಮದರಾಸಿನಲ್ಲಿ ಪಂಡಿತ ಅಯೋತ್ತಿದಾಸರು ತಾವು ಮೂಲತಃ ಬೌದ್ಧರೆಂದು ಸಾರಿ ಶಾಕ್ಯ ಬೌದ್ಧ ಸಂಘ ಕಟ್ಟಿದಾಗ ಅದರ ಶಾಖೆ ಮಾರಿಕುಪ್ಪಂನಲ್ಲಿ ಎದ್ದಿತು. 1907ರಲ್ಲಿ ಶುರುವಾದ ಅವರ 'ತಮಿಳನ್' ವಾರಪತ್ರಿಕೆಗೆ ಗಣಿಯ ಕೂಲಿಗಳು ಚಂದಾದಾರರಾದರು. ಅವರು ತೀರಿಕೊಂಡ ಮೇಲೆ ನಿಂತುಹೋದ ಆ ಪತ್ರಿಕೆ 1920ರ ದಶಕದಲ್ಲಿ ಮತ್ತೆ ಹೊರಟಿತು, ಅದೂ ಚಿನ್ನದ ಗಣಿಯ ಈ ಊರಿನಿಂದ, ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ. ಹಗಲು ಬಂಡೆ ಒಡೆದು ರಾತ್ರಿ ಬುದ್ಧನನ್ನು ಓದಿದ ಲೈನುಗಳು ಇವು. 'ಕೆಜಿಎಫ್' ಸಿನಿಮಾದ ರಾಕಿ ಭಾಯ್‌ನ ಸುತ್ತಿಗೆ ನೋಡಲು ಬರುವ ಹುಡುಗರಿಗೆ ಈ ಕತೆಯನ್ನು ಯಾರಾದರೂ ಹೇಳುತ್ತಾರೋ ಇಲ್ಲವೋ. 2018ರ ಆ ಸಿನಿಮಾ ಬಂದ ಮೇಲೆ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು, ಊರು ಗೊತ್ತಾಗಲಿಲ್ಲ.

ಒಂದು ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಹಿರಿಯರಿಗೆ ಕೈಮುಗಿದೆವು. ಚಾಂಪಿಯನ್ ರೀಫ್ಸ್‌ನಲ್ಲಿ ಮೂವತ್ತು ವರ್ಷ ಇಳಿದವರು. ಮಾತಿನ ನಡುವೆ ಉಸಿರು ಸೀಟಿಯಂತೆ ಕೇಳುತ್ತದೆ, ಕಲ್ಲುಪುಡಿ ನುಂಗಿದ ಪುಪ್ಪುಸ. "ಕೂತ್ಕೋ ಪಾಪಾ," ಎಂದು ಅಕ್ಕನ ಮಗಳಿಗೆ ಪಕ್ಕದಲ್ಲಿ ಜಾಗ ಮಾಡುತ್ತಾರೆ. "ಕೇಜ್‌ನಾಗೆ ನಿಂತ್ರೆ ಹೊಟ್ಟೆ ಬಾಯಿಗೆ ಬರೋದು. ಕೆಳಗೆ ಮೂರು ಕಿಲೋಮೀಟರು. ಕಲ್ಲು ಮುಟ್ಟಿದ್ರೆ ಸುಡೋದು." ಸುಡುತ್ತಿದ್ದದ್ದು ನಿಜ. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತಿತ್ತು. ತಣ್ಣನೆಯ ಗಾಳಿಯನ್ನು ಮೇಲಿನಿಂದ ಊದಿ ಕಳಿಸಬೇಕಿತ್ತು. ಒಮ್ಮೊಮ್ಮೆ ಒತ್ತಡ ತಾಳದೆ ಬಂಡೆಯೇ ಸಿಡಿಯುವುದು. ಅದಕ್ಕೆ ಗಣಿಯವರು 'ಏರ್ ಬ್ಲಾಸ್ಟ್' ಎನ್ನುತ್ತಿದ್ದರು. ಮೇಲೆ ಲೈನಿನ ಪಾತ್ರೆಗಳು ಗಲಗಲ ಅಲುಗುವವು, ಹೆಂಗಸರು ಕೈಯಲ್ಲಿದ್ದದ್ದನ್ನು ಬಿಟ್ಟು ಶಾಫ್ಟಿನ ಕಡೆ ಓಡುವರು.

ಅದೇ ಚಾಂಪಿಯನ್ ರೀಫ್ಸ್‌ನ ಹೊಟ್ಟೆಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಗುರುತು ಹಿಡಿದರು. ಬಹುತೇಕ ಯಾವುದಕ್ಕೂ ತಾಗದೆ ಭೂಮಿಯನ್ನೇ ಹಾದುಹೋಗುವ ಕಣ. ಅದನ್ನು ಹಿಡಿಯಲು ಇಷ್ಟು ಆಳದ ಮೌನ ಬೇಕಿತ್ತು. "ಸೈನ್ಸಿನವರು ಬರೋರು, ಪೆಟ್ಟಿಗೆ ಇಟ್ಕೊಂಡು ಕೂತಿರೋರು," ಎಂದು ಹಿರಿಯರು ನಗುತ್ತಾರೆ. "ಏನು ಹುಡುಕ್ತೀರಿ ಸಾರ್ ಅಂದ್ರೆ, ಕಣ್ಣಿಗೆ ಕಾಣ್ದೇ ಇರೋದು ಅನ್ನೋರು. ನಾವು ಹುಡುಕ್ತಿದ್ದದ್ದೂ ಕಣ್ಣಿಗೆ ಕಾಣ್ತಾ ಇರ್ಲಿಲ್ಲ ಬುಡಿ." ಅದೂ ಸರಿಯೇ. ಕೊನೆಕೊನೆಗೆ ಒಂದು ಟನ್ ಕಲ್ಲು ಪುಡಿಮಾಡಿದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ನೂರಿಪ್ಪತ್ತು ವರ್ಷದಲ್ಲಿ ಈ ನೆಲ ಕೊಟ್ಟ ಚಿನ್ನ ಸುಮಾರು 800 ಟನ್.

ಅಕ್ಕನ ಮಗಳು ಕೇಳಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದಿದ್ದ ಮಾತನ್ನು ಈಗ ಕೇಳುತ್ತಾಳೆ. "ತಾತ, ಸಂಗು ಹೆಂಗೆ ಕೂಗ್ತಿತ್ತು?"

ಹಿರಿಯರು ಅವಳನ್ನೇ ನೋಡುತ್ತಾರೆ. ಎರಡೂ ಅಂಗೈ ಬಟ್ಟಲು ಮಾಡಿ ಬಾಯಿಗಿಟ್ಟುಕೊಳ್ಳುತ್ತಾರೆ. ಮೊದಲು ಬರುವುದು ಬರೀ ಉಸಿರು. ಆಮೇಲೆ ಹೊಟ್ಟೆಯಿಂದ ಒಂದು ದನಿ, ತಗ್ಗಿನಿಂದ ಏರಿ, ಏರಿದಲ್ಲೇ ನಿಂತು, ನಿಧಾನ ಜಾರುವ ದನಿ. ಪಕ್ಕದ ಮನೆಯ ನಾಯಿ ಎದ್ದು ನಿಲ್ಲುತ್ತದೆ. ಎದುರುಮನೆಯ ಅಜ್ಜಿ ಹೊರಗೆ ಬಂದು ತಮಿಳಿನಲ್ಲಿ, "ಯಾವ ಪಾಳಿಗೆ ಹೊರಟೆ?" ಎಂದು ರೇಗಿಸುತ್ತಾಳೆ. ಕೆಮ್ಮು ಬಂದು ಹಿರಿಯರ ದನಿ ಅಲ್ಲಿಗೆ ಮುರಿಯುತ್ತದೆ. ಅಕ್ಕನ ಮಗಳು ಫೋನು ತೆಗೆದು ರೆಕಾರ್ಡು ಮಾಡಿಕೊಳ್ಳಬಹುದಿತ್ತು, ಅವಳಿಗೆ ನೆನಪೇ ಆಗಿರಲಿಲ್ಲ. ಇನ್ನೊಮ್ಮೆ ಕೂಗಿ ಎಂದು ಕೇಳಲು ಇಬ್ಬರಿಗೂ ಬಾಯಿ ಬರಲಿಲ್ಲ.

ಪರ್ತ್‌ನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಬೀಗರ ಕೈಗಡಿಯಾರ ಮಾತ್ರ ಇಪ್ಪತ್ತು ಚಿಲ್ಲರೆ ವರ್ಷದಿಂದ ಭಾರತದ ಹೊತ್ತನ್ನೇ ತೋರಿಸುತ್ತಿದೆ. ಒಮ್ಮೊಮ್ಮೆ ರಾತ್ರಿ ಎದ್ದು ಕೂತು, "ಸಂಗಾಯ್ತಾ?" ಎನ್ನುತ್ತಾರಂತೆ. ಮೊಮ್ಮಗಳು ಚಿಕ್ಕಂದಿನಿಂದ, "ಇನ್ನೂ ಇಲ್ಲ ತಾತ, ಮಲಗು" ಎಂದು ಉತ್ತರಿಸುತ್ತ ಬಂದಿದ್ದಾಳೆ. ಇದನ್ನು ಅವಳು ನನಗೆ ಹೇಳಿದ್ದು ಸಂಜೆ, ಬೆಳಗ್ಗೆ ಕಿಟಕಿಯಲ್ಲಿ ಕಂಡ ಸೈನೈಡ್ ಗುಡ್ಡದ ಬುಡದಲ್ಲಿ.

ಹತ್ತಿರದಿಂದ ಆ ಗುಡ್ಡ ಇನ್ನೂ ವಿಚಿತ್ರ. ಚಿನ್ನದ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿಕೊಂಡು, ಉಳಿದ ಹಿಟ್ಟನ್ನು ಇಲ್ಲಿ ಸುರಿದರು. ಊರಿನ ಸುತ್ತ ಹೀಗೆ ಬಿದ್ದಿರುವುದು ಮೂರು ಕೋಟಿ ಟನ್ನಿಗೂ ಮಿಕ್ಕು. ಇಳಿಬಿಸಿಲು ಬಿದ್ದಾಗ ಗೀರುಗಳ ಒಂದು ಬದಿ ಹೊಂಬಣ್ಣ, ಇನ್ನೊಂದು ಬದಿ ನೇರಳೆ. ಅಲ್ಲಲ್ಲಿ ಒಂದೊಂದು ಜಾಲಿಗಿಡ. ಗಾಳಿ ಎದ್ದರೆ ನೆತ್ತಿಯಿಂದ ಬಿಳಿ ಸೆರಗೊಂದು ಹಾರಿ ಊರಿನ ಕಡೆ ಬರುತ್ತದೆ. ಬಟ್ಟೆ ಒಣಹಾಕಿದವರು ಓಡಿ ಬಂದು ತೆಗೆಯುತ್ತಾರೆ. ದೂರದಲ್ಲಿ ಗಿಫರ್ಡ್ ಶಾಫ್ಟಿನ ಕಡೆ ಉಕ್ಕಿನ ಗೋಪುರ, ಮೇಲಿನ ಗಾಲಿಗಳು ತಿರುಗದೆ ನಿಂತಿವೆ. ಕೆಳಗಿನ ಸುರಂಗಗಳಲ್ಲಿ ಈಗ ನೀರು. ಅಕ್ಕನ ಮಗಳು ಬಗ್ಗಿ ಒಂದು ಚಿಟಿಕೆ ಹಿಟ್ಟು ಎತ್ತಿ ಬೆರಳಲ್ಲಿ ತಿಕ್ಕಿ ನೋಡಿದಳು, ರಾಗಿಹಿಟ್ಟಿಗಿಂತ ನಯ. ಒಯ್ಯುವಂತಿಲ್ಲವಲ್ಲ, ಕೊಡವಿದಳು.

ಕತ್ತಲಾಗುವ ಹೊತ್ತಿಗೆ ಬಂಗಾರಪೇಟೆ. ಬೆಳಗ್ಗೆ ಹೋದ ಗಾಡಿಯ ಜನ ಇಳಿಯತೊಡಗಿದ್ದಾರೆ, ಬಜಾರಿನ ತಳ್ಳುಗಾಡಿಗಳಿಗೆ ದೀಪ ಹತ್ತಿದೆ. ಬಂಗಾರಪೇಟೆ ಚಾಟ್ ಎಂದು ಬೆಂಗಳೂರಿನಲ್ಲೂ ಬೋರ್ಡು ಹಾಕಿಕೊಳ್ಳುತ್ತಾರಲ್ಲ, ಅದರ ತವರು ಇದು. ಇಲ್ಲಿಯ ಪಾನಿಗೆ ಬಣ್ಣವಿಲ್ಲ. ಹುಣಸೆ, ಪುದೀನದ ಕಂದು ಹಸಿರು ಯಾವುದೂ ಇಲ್ಲದೆ ಬಾವಿಯ ನೀರಿನಷ್ಟು ತಿಳಿಯಾಗಿರುತ್ತದೆ. ನೋಡಿದರೆ ಬರೀ ನೀರು, ಬಾಯಿಗಿಟ್ಟರೆ ಮೆಣಸಿನಕಾಯಿಯ ಬೆಂಕಿ ಕಿವಿಯಿಂದ ಹೊರಬರುತ್ತದೆ. ಅಕ್ಕನ ಮಗಳು ಮೊದಲ ಪೂರಿಯನ್ನು ನಂಬಿ ಬಾಯಿಗೆ ಹಾಕಿಕೊಂಡಳು. ಕಣ್ಣು, ಮೂಗು ಎರಡೂ ಸುರಿಯತೊಡಗಿದವು.

"ಅಣ್ಣ, ಒಸಿ ಖಾರ ಕಮ್ಮಿ ಮಾಡಿ!"

ಗಾಡಿಯವನು ಪೂರಿಗೆ ತೂತು ಮಾಡುತ್ತಿದ್ದ ಹೆಬ್ಬೆರಳನ್ನು ಹಾಗೇ ನಿಲ್ಲಿಸಿ ಅವಳನ್ನು ನೋಡಿದ. ಬೂಟು, ಬೆನ್ನಚೀಲ, ಕೈಯಲ್ಲಿ ಕುಲ್‌ಕುಲ್ ಡಬ್ಬಿ, ಬಾಯಲ್ಲಿ ಒಸಿ.

"ಯಾವೂರಮ್ಮ ನಿಮ್ದು?"

"ಪರ್ತ್."

ಅವನು ಒಂದು ಕ್ಷಣ ಯೋಚಿಸಿದ. "ಪರ್ತು... ಕುಪ್ಪಂ ಕಡೇನಾ?"

ಅಕ್ಕನ ಮಗಳು ಕಣ್ಣೊರೆಸಿಕೊಂಡು ಎರಡನೆಯ ಪೂರಿಗೆ ಕೈಯೊಡ್ಡಿದಳು. "ಹೂಂ ಅಣ್ಣ. ಕುಪ್ಪಂ ದಾಟಿ ಇನ್ನೂ ಒಸಿ ಮುಂದೆ."